ನಮ್ಮ ಮನೆಯ ಬಾಟಲಿಯಿಂದ ಹಾರಿಹೋದ ಹನ್ನೊಂದನೆಯವರಿಗೆ

ಗೆ,
ಕಪ್ಪು ಮೈ, ಬಿಳಿ ಪಟ್ಟೆಯ ಕಾಲು, ಬೆನ್ನ ಮೇಲೆ ಬಿಳಿ ಗೆರೆಗಳುಳ್ಳ ಶ್ರೀಮತಿ ಸೊಳ್ಳೆಯವರು,
ಹಾಲಿ ವಾಸ ತಿಳಿದಿಲ್ಲ. ಮಂಚದ ಕೆಳಗೆ, ಮೊಳೆಗೆ ತೂಗುಹಾಕಿದ ಪ್ಯಾಂಟುಗಳ ಹಿಂದೆ ಅಥವಾ ಹೊಲಿಗೆ ಯಂತ್ರದ ಅಡಿಯಲ್ಲಿ ಇರಬಹುದು.

ಮಾನ್ಯರೇ,

ಮೊದಲಿಗೆ ತಮ್ಮ ಪಾದಗಳಿಗೆ, ಒಂದನ್ನೂ ಬಿಡದೆ ಆರಕ್ಕೆ ಆರಕ್ಕೂ, ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬುತ್ತೇನೆ. ನಂಬದೆ ವಿಧಿಯಿಲ್ಲ, ಏಕೆಂದರೆ ತಾವು ಹೊತ್ತು ತಿರುಗುವ ಡೆಂಗಿ ತಮಗೆ ಮಾತ್ರ ಒಂದು ನೆಗಡಿಯಷ್ಟೂ ತೊಂದರೆ ಕೊಡುವುದಿಲ್ಲವೆಂದು ನಮ್ಮ ಇಲಾಖೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಇಷ್ಟು ದೊಡ್ಡ ಹೊರೆಯನ್ನು ಇಷ್ಟು ಸಣ್ಣ ಮೈಯಲ್ಲಿಟ್ಟುಕೊಂಡು ಮುಖ ಗಂಟಿಕ್ಕದೆ ಮನೆಯಿಂದ ಮನೆಗೆ ತಲುಪಿಸುವ ತಮ್ಮ ಕರ್ತವ್ಯನಿಷ್ಠೆ ನಮ್ಮ ಅಂಚೆ ಕಚೇರಿಯವರಿಗೂ ಬರಲೆಂದು ಹಾರೈಸುತ್ತೇನೆ.

ನನ್ನ ಪರಿಚಯವನ್ನು ತಾವು ಮರೆತಿರಲಾರಿರಿ. ಆದರೂ, ತಮ್ಮ ವಿಳಾಸ ತಿಳಿಯದೆ ವಾರ್ಡ್ ಕಚೇರಿಯ ಫಲಕಕ್ಕೆ ಅಂಟಿಸಲಿರುವ ಈ ಪತ್ರವನ್ನು ಅಲ್ಲಿ ಓದುವ ಇತರರಿಗಾಗಿ ಹೇಳಿಬಿಡುತ್ತೇನೆ. ನಾನು ಈ ವಾರ್ಡಿನ ಲಾರ್ವಾ ತಪಾಸಣೆಗಾರ. ನಾನೂರ ಹನ್ನೆರಡು ಮನೆಗಳು ನನ್ನ ಸುಪರ್ದಿಯಲ್ಲಿವೆ. ಒಂದು ಟಾರ್ಚು, ಒಂದು ತುಂಡು ಸೀಮೆಸುಣ್ಣ, ಒಂದು ರಿಜಿಸ್ಟರು ಮತ್ತು ಒಂದು ಗಾಜಿನ ಬಾಟಲಿ ಹಿಡಿದು ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಡ್ರಮ್ಮು, ಹೂಕುಂಡದ ತಟ್ಟೆ, ಕೂಲರು, ಫ್ರಿಜ್ಜಿನ ಹಿಂದೆ ಯಾರೂ ಕಾಣದಂತೆ ಅಡಗಿರುವ ಆ ನೀರಿನ ಟ್ರೇ, ಇವೆಲ್ಲಕ್ಕೂ ಮೂಗು ತೂರಿಸುವುದು ನನ್ನ ಹೊಟ್ಟೆಪಾಡು. ಹೀಗಾಗಿ ಬೀದಿಯವರು ನನಗೆ 'ಇಣುಕಪ್ಪ' ಎಂದು ಹೆಸರಿಟ್ಟಿದ್ದಾರೆ. ನಾನು ತಿರುವಿನಲ್ಲಿ ಕಂಡೊಡನೆ "ಇಣುಕಪ್ಪ ಬಂದ, ಮುಚ್ಚಳ ತೆಗೀರಿ" ಎಂಬ ಕೂಗು ಏಳುತ್ತದೆ. ನನಗೆ ಬೇಸರವಿಲ್ಲ, ಹೆಸರಿಗೊಂದು ಕೆಲಸವಾದರೂ ಇದೆ.

ಇತರ ಸೊಳ್ಳೆಗಳ ಬಗ್ಗೆ ನನಗೆ ಹೇಳಿಕೊಳ್ಳುವಂಥ ಅಭಿಮಾನವಿಲ್ಲ. ಚರಂಡಿಯಲ್ಲಿ ಹುಟ್ಟಿ, ಹೊತ್ತು ಮುಳುಗಿದ ಮೇಲೆ ಕಿವಿಯ ಹತ್ತಿರ ಬಂದು ಗುಂಯ್‌ಗುಟ್ಟುವ ಅವರ ಜಾತಿಯೇ ಬೇರೆ. ತಮಗೋ ನಿಂತ ನೀರಾದರೂ ಶುಭ್ರವಾಗಿರಬೇಕು, ನೆರಳು ಬೇಕು, ಮೊಟ್ಟೆಯಿಡಲು ಪಾತ್ರೆಯ ಒಳಗೋಡೆ ನೀರಿನ ಅಂಚಿಗೆ ಸರಿಯಾಗಿ ತೇವವಾಗಿರಬೇಕು. ನಮ್ಮ ನೀರು ಸರಬರಾಜಿನವರಿಗೂ ಇಲ್ಲದ ಹಠ ಅದು. ಇನ್ನು ಕೆಲಸದ ವೇಳೆಯೆಂದರೆ, ಬೆಳಗ್ಗೆ ಬಿಸಿಲೇರುವ ಮುನ್ನ ಒಂದು ಪಾಳಿ, ಸಂಜೆ ಬೆಳಕು ಹೋಗುವ ಮುನ್ನ ಇನ್ನೊಂದು ಪಾಳಿ, ನಡುವೆ ಮಂಚದ ಕೆಳಗೆ ವಿಶ್ರಾಂತಿ. ಸದ್ದಿಲ್ಲದೆ ಬಂದು, ಮುಖಕ್ಕೆ ಎದುರಾಗದೆ, ಕಾಲಿನ ಹರಡಿನ ಹತ್ತಿರ ಕೆಲಸ ಮುಗಿಸಿ ಹೋಗುವ ತಮ್ಮ ಸಂಕೋಚದ ಸ್ವಭಾವವನ್ನು ನೋಡಿ ನಾನು ಎಷ್ಟೋ ಸಲ ತಲೆದೂಗಿದ್ದೇನೆ. ಜನ ಮಾತ್ರ ಸಂಜೆ ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ತಮ್ಮನ್ನು ಗೆದ್ದೆವೆಂದು ಹಾಯಾಗಿ ಮಲಗುತ್ತಾರೆ.

ಈಗ ಬಾಟಲಿಯ ವಿಷಯಕ್ಕೆ ಬರುತ್ತೇನೆ. ಮಾತಿನಿಂದ ಯಾರೂ ಹೆದರುವುದಿಲ್ಲವೆಂಬುದು ಈ ಕೆಲಸದಲ್ಲಿ ಮೊದಲ ವಾರವೇ ತಿಳಿಯುತ್ತದೆ. ಆದರೆ ಬಾಟಲಿಯ ನೀರಿನಲ್ಲಿ ತಲೆಕೆಳಗಾಗಿ ತೂಗಾಡುವ ನಾಲ್ಕು ಹುಳುಗಳನ್ನು ಬೆಳಕಿಗೆ ಹಿಡಿದು, "ಇವು ನಿಮ್ಮ ಪಕ್ಕದ ಬೀದಿಯ ಡ್ರಮ್ಮಿನಲ್ಲಿ ಸಿಕ್ಕಿದ್ದು" ಎಂದರೆ ಎಂಥ ಸೋಮಾರಿಯೂ ಎದ್ದುಹೋಗಿ ತನ್ನ ಡ್ರಮ್ಮನ್ನು ಬ್ರಷ್ಷಿನಿಂದ ತಿಕ್ಕುತ್ತಾನೆ. ಬಾಟಲಿಯ ನೀರನ್ನು ದಿನದ ಕೊನೆಗೆ ಒಣ ನೆಲದ ಮೇಲೆ ಚೆಲ್ಲಿಬಿಡಬೇಕೆಂಬುದು ಇಲಾಖೆಯ ನಿಯಮ. ಆರು ವರ್ಷ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಏಳನೆಯ ವರ್ಷ ಒಂದು ವಿಪತ್ತು ಬಂದೊದಗಿತು: ನನ್ನ ವಾರ್ಡು ಚೊಕ್ಕಟವಾಗಿಬಿಟ್ಟಿತು.

ಎಲ್ಲಿ ಇಣುಕಿದರೂ ಹುಳುವಿಲ್ಲ. ಪಂಕ್ಚರ್ ಅಂಗಡಿಯವನ ಹಳೆಯ ಟೈರುಗಳೇ ನನ್ನ ಕೊನೆಯ ಆಸರೆಯಾಗಿದ್ದವು. ಅವನೂ ನನ್ನ ಕಾಟ ತಾಳಲಾರದೆ ಟಾರ್ಪಾಲು ಹೊದಿಸಿ ಕೈಕೊಟ್ಟ. ಖಾಲಿ ಬಾಟಲಿ ಹಿಡಿದು ಹೋದರೆ ಜನ ನಗತೊಡಗಿದರು. ನಮ್ಮ ಮೇಲ್ವಿಚಾರಕರಂತೂ "ಪ್ರದರ್ಶನಕ್ಕೆ ಹುಳ ಎಲ್ರೀ? ಹುಳ ಇಲ್ದೆ ಅದೇನು ಜಾಗೃತಿ ಮಾಡ್ತೀರಿ?" ಎಂದು ಎಲ್ಲರೆದುರು ಕೇಳಿದರು. ಅಂದು ನನಗಾದ ಅವಮಾನದಲ್ಲಿ, ಆ ಟಾರ್ಪಾಲು ಎತ್ತಿ ಟೈರಿನ ತಳದಿಂದ ಹೆಕ್ಕಿದ ಕೊನೆಯ ಹಿಡಿ ಹುಳುವನ್ನೂ ಒಳಗೋಡೆಗೆ ಅಂಟಿದ್ದ ಮೊಟ್ಟೆಗಳನ್ನೂ ಚೆಲ್ಲದೆ ಮನೆಗೆ ಕೊಂಡೊಯ್ದು ಗೋಡೆಯ ಗೂಡಿನಲ್ಲಿಟ್ಟು ಸಾಕಲು ಶುರುಮಾಡಿದೆ. ಹೌದು, ಮಾನ್ಯರೇ, ಡೆಂಗಿ ತಡೆಯಲು ಸಂಬಳ ಪಡೆಯುವ ನಾನು ತಮ್ಮನ್ನು ಬಿಸ್ಕತ್ತಿನ ಪುಡಿ ಹಾಕಿ ಬೆಳೆಸಿದೆ. ಚಿಕ್ಕವರಿಗೊಂದು ಬಾಟಲಿ, ದೊಡ್ಡವರಿಗೊಂದು, ರೆಕ್ಕೆ ಬರುವ ಮುನ್ನ ಅಲ್ಪವಿರಾಮದ ಆಕಾರದಲ್ಲಿ ಮುದುಡಿಕೊಳ್ಳುವ ಕೋಶದವರಿಗೆ ಇನ್ನೊಂದು. ಕೋಶದ ಬಾಟಲಿಯ ಬಾಯಿಗೆ ನನ್ನ ಹೆಂಡತಿಯ ಹೊಲಿಗೆಯಲ್ಲಿ ಉಳಿದ ತೆಳು ಅಸ್ತರಿನ ತುಂಡನ್ನು ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಯಾರಿಗಾದರೂ ರೆಕ್ಕೆ ಬಂದರೆ ಅಲ್ಲಿಯೇ ಮುಗಿಸಿಬಿಡುತ್ತಿದ್ದೆ. ಹುಳು ಮುಗಿದಂತೆಲ್ಲ ಒಣಗಿಸಿಟ್ಟ ಮೊಟ್ಟೆಗಳನ್ನು ಚಿಟಿಕೆ ಚಿಟಿಕೆಯಾಗಿ ನೀರಿಗೆ ಹಾಕುತ್ತ ನಾಲ್ಕು ತಿಂಗಳು ಸುಸೂತ್ರವಾಗಿ ನಡೆಸಿದೆ. ನನ್ನ ಪ್ರದರ್ಶನದ ಕೀರ್ತಿ ಅಕ್ಕಪಕ್ಕದ ವಾರ್ಡುಗಳಿಗೂ ಹಬ್ಬಿತು.

ಆ ಕೀರ್ತಿಯ ಫಲವಾಗಿ ನನ್ನನ್ನು ಮೂರು ದಿನಗಳ ಡೆಂಗಿ ನಿರ್ಮೂಲನಾ ಶಿಬಿರಕ್ಕೆ ಕಳಿಸಿ, ವೇದಿಕೆಗೆ ಕರೆದು, ಮಾದರಿ ತಪಾಸಣೆಗಾರನೆಂದು ಚಪ್ಪಾಳೆ ಹೊಡೆಸಿದರು. ನಾನು ಅಲ್ಲಿ ಎದೆಯುಬ್ಬಿಸಿಕೊಂಡು ನಿಂತಿದ್ದ ಹೊತ್ತಿನಲ್ಲಿ ತಾವು ಇಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತಿದ್ದಿರಿ. ಮರಳಿ ಬಂದು ನೋಡಿದರೆ ರಬ್ಬರ್ ಬ್ಯಾಂಡ್ ಸಡಿಲವಾಗಿ ಕೆಳಗೆ ಬಿದ್ದಿದೆ, ಬಟ್ಟೆ ಒಂದು ಕಡೆ ಜಾರಿದೆ, ನೀರಿನ ಮೇಲೆ ಬಿಟ್ಟುಹೋದ ಪೊರೆಗಳು ತೇಲುತ್ತಿವೆ. ಎಣಿಸಿದೆ. ಹನ್ನೊಂದು.

ಮುಂದಿನ ಎರಡು ದಿನ ನಾನು ಮನೆಯೊಳಗೆ ನಡೆಸಿದ ಕಾರ್ಯಾಚರಣೆಯನ್ನು ಇಲಾಖೆಯವರು ನೋಡಿದ್ದರೆ ಇನ್ನೊಂದು ಚಪ್ಪಾಳೆ ಹೊಡೆಸುತ್ತಿದ್ದರು. ಕೋಟಿನ ಜೇಬಿನಲ್ಲಿ ಒಬ್ಬರು, ಕ್ಯಾಲೆಂಡರಿನ ಹಿಂದೆ ಇಬ್ಬರು, ಸ್ನಾನದ ಮನೆಯಲ್ಲಿ ನಾಲ್ವರು, ಹೀಗೆ ಹತ್ತು ಮಂದಿಯನ್ನು ಅಂಗೈಯಿಂದಲೇ ಮುಗಿಸಿದೆ. ಅವರಲ್ಲಿ ಆರು ಮಂದಿ ಗಂಡಸರು; ರಕ್ತದ ರುಚಿ ಕಾಣದೆ ಸಿಹಿರಸ ಕುಡಿದು ಬದುಕುವ ನಿರಪರಾಧಿಗಳು. ಅವರ ಕುಟುಂಬಕ್ಕೆ ನನ್ನ ಸಂತಾಪಗಳು. ಹನ್ನೊಂದನೆಯವರೂ ಗಂಡೇ ಆಗಿರಲಿ ಎಂದು ಬೇಡಿಕೊಂಡೆ. ಆದರೆ ಮೂರನೆಯ ಬೆಳಗ್ಗೆ ತಾವು ಕಿಟಕಿಯ ಪರದೆಯ ಮೇಲೆ, ಹೊಟ್ಟೆ ಕೆಂಪಗೆ ಉಬ್ಬಿ, ಹಾರಲೂ ಆಲಸ್ಯಪಡುತ್ತ ಕುಳಿತಿದ್ದಿರಿ. ಹೊಡೆದೆ, ತಪ್ಪಿತು.

ಗುರಿ ನೋಡದೆ ಅವಸರದಲ್ಲಿ ಹೊಡೆಯಲು ಕಾರಣವಿತ್ತು. ಮೇಲಿನ ಮಹಡಿಯ ಬಸ್ ಕಂಡಕ್ಟರಿಗೆ ಎರಡು ದಿನದಿಂದ ವಿಪರೀತ ಜ್ವರವೆಂದು ಅಂದೇ ಬೆಳಗ್ಗೆ ತಿಳಿದಿತ್ತು. ತಾವು ಹುಟ್ಟುವಾಗ ಬರಿಗೈಯಲ್ಲಿ ಹುಟ್ಟಿದವರು. ರೋಗವೆಂಬುದು ತಮಗೆ ರೋಗಿಯ ಮೈಯಿಂದಲೇ ಸಿಗಬೇಕು. ಕಂಡಕ್ಟರು ಯಾರಿಗೂ ಟಿಕೆಟ್ ಇಲ್ಲವೆನ್ನದ ಮನುಷ್ಯ, ತಮಗೂ ಕೊಟ್ಟಿರಬೇಕು. ಜ್ವರ ಬಂದವರನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ, ಅವರಿಗಲ್ಲ, ಉಳಿದವರಿಗಾಗಿ, ಎಂದು ನಾನೂರ ಹನ್ನೆರಡು ಮನೆಗಳಲ್ಲಿ ಹೇಳಿದ ನಾನು ಒಂದು ಮಹಡಿ ಹತ್ತಿಹೋಗಿ ಹೇಳಲಿಲ್ಲ. ಹೋದರೆ, ನಿಮ್ಮ ಮನೆಗೆ ಸೊಳ್ಳೆ ಎಲ್ಲಿಂದ ಬಂತೆಂದು ಅವನು ಕೇಳುವನೇನೋ ಎಂಬ ಅಳುಕು. ಬಾಯಿಗೆ ಬೀಗ ಹಾಕಿಕೊಂಡು, ಮೂರೂ ಬಾಟಲಿಗಳನ್ನು ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಕೈ ತೊಳೆದುಕೊಂಡೆ. ದಿನಗಳನ್ನು ಮಾತ್ರ ಎಣಿಸುತ್ತಿದ್ದೆ. ರೋಗ ತಮ್ಮ ಹೊಟ್ಟೆಯಿಂದ ಜೊಲ್ಲಿಗೆ ಬರಲು ಎಂಟು ಹತ್ತು ದಿನ, ಕಚ್ಚಿದ ಮೇಲೆ ಜ್ವರ ಕಾಣಲು ನಾಲ್ಕರಿಂದ ಏಳು ದಿನ. ಹದಿನೇಳನೆಯ ದಿನ ಬೆಳಗ್ಗೆ ನನ್ನ ಹೆಂಡತಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಅವಳು ಶಾಲೆಯ ಸಮವಸ್ತ್ರಗಳಿಗೆ ಗುಂಡಿಯ ಕಾಜಾ ಹಾಕುವವಳು. ಇಪ್ಪತ್ತು ವರ್ಷದಿಂದ ಅದೇ ಕಿಟಕಿ, ಅದೇ ಯಂತ್ರ, ಪೆಡಲಿನ ಮೇಲೆ ಅದೇ ಬರಿಗಾಲು. ಬೆಳಗಿನ ಬೆಳಕಿನಲ್ಲಿ ಮೇಜಿನ ಕೆಳಗಿನ ನೆರಳಿನಲ್ಲಿ ಮೇಲೆ ಕೆಳಗೆ ಆಡುವ ಎರಡು ಪಾದಗಳಿಗಿಂತ ಒಳ್ಳೆಯ ಊಟದ ತಟ್ಟೆ ತಮಗೆ ಈ ಬೀದಿಯಲ್ಲಿ ಸಿಗುತ್ತಿರಲಿಲ್ಲ, ಒಪ್ಪುತ್ತೇನೆ. ಕಣ್ಣಿನ ಹಿಂದೆ ನೋವು ಎಂದಳು. ಮಧ್ಯಾಹ್ನದ ಹೊತ್ತಿಗೆ ಮೈ ಕಾದ ಇಸ್ತ್ರಿಪೆಟ್ಟಿಗೆಯಂತಾಗಿತ್ತು. ಬೀದಿಯ ಕೊನೆಯ ದವಾಖಾನೆಯ ಡಾಕ್ಟರಮ್ಮ ಪರೀಕ್ಷೆ ಬರೆದುಕೊಟ್ಟು, "ಜ್ವರಕ್ಕೆ ಈ ಮಾತ್ರೆ ಒಂದೇ. ಮೈಕೈ ನೋವು ಅಂತ ಅಂಗಡಿಯಿಂದ ಬೇರೆ ಯಾವುದನ್ನೂ ತಂದು ನುಂಗಿಸಬೇಡಿ, ರಕ್ತ ಸೋರುತ್ತೆ. ನೀರು, ಗಂಜಿ, ಹಣ್ಣಿನ ರಸ, ಗುಟುಕು ಗುಟುಕಾಗಿ ಕುಡಿಸ್ತಾ ಇರಿ" ಎಂದರು. ನನಗೆ ಬಾಯಿಪಾಠವಾಗಿದ್ದ ಮಾತುಗಳೇ. ಆದರೆ ಅಂದು ಒಂದೊಂದನ್ನೂ ಎರಡೆರಡು ಸಲ ಕೇಳಿ ಚೀಟಿಯಲ್ಲಿ ಬರೆದುಕೊಂಡೆ.

ನಾಲ್ಕನೆಯ ದಿನ ಜ್ವರ ಇಳಿಯಿತು. ಆ ಸಂತೋಷದಲ್ಲಿ ನಾನು ಥರ್ಮಾಮೀಟರು ಹಿಡಿದುಕೊಂಡೇ ದವಾಖಾನೆಗೆ ಓಡಿದೆ. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜ್ವರ ಬಿಟ್ಟಾಗಲೇ ಹುಷಾರಾಗಿರಬೇಕು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋರು ನೀವೇ ಅಲ್ವಾ? ಹೊಟ್ಟೆನೋವು ಇದೆಯಾ? ವಾಂತಿ? ಒಸಡಲ್ಲಿ ರಕ್ತ? ಕೇಳಿದ್ರಾ?" ಎಂದರು. ಕೇಳಿರಲಿಲ್ಲ. ಮನೆಗೆ ಬಂದು ಕೇಳಿದರೆ, ಬೆಳಗಿನಿಂದ ಹೊಟ್ಟೆ ಹಿಂಡುತ್ತಿದೆ, ಹಲ್ಲುಜ್ಜುವಾಗ ಉಗುಳು ಕೆಂಪಾಗಿತ್ತು ಎಂದಳು. ಯಾಕೆ ಹೇಳಲಿಲ್ಲವೆಂದು ರೇಗಿದರೆ, "ಜ್ವರ ಬಿಡ್ತು ಅಂತ ಅಷ್ಟು ಖುಷಿಯಲ್ಲಿದ್ರಿ, ಅದಕ್ಕೆ" ಎಂದಳು.

ಅಂದೇ ಅವಳನ್ನು ಸೇರಿಸಿದ ಆಸ್ಪತ್ರೆಯ ಆ ಎರಡು ಹಗಲುಗಳ ಬಗ್ಗೆ ತಮಗೆ ವರದಿ ಕೊಡಲು ನನ್ನ ಕೈ ಬರುವುದಿಲ್ಲ. ಪ್ಲೇಟ್‌ಲೆಟ್ ಎಂಬ ಕಣ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಂತೆ. ಅವಳದು ಮೂವತ್ತೆಂಟು ಸಾವಿರಕ್ಕೆ, ಅಲ್ಲಿಂದ ಇಪ್ಪತ್ತೆರಡಕ್ಕೆ ಇಳಿಯಿತು. ನರ್ಸು ಬಂದು ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರವಾಗಿ ಹೊರಗೆ ಬಂತು ಎಂದು ಅಳೆದು ಬರೆಯುತ್ತಿದ್ದರೆ, ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವಳ ಪಾದಗಳನ್ನು ನೋಡುತ್ತಿದ್ದೆ. ಕಚ್ಚಿದ ಗುರುತು ಹುಡುಕುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಆ ಪಾದಗಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಆ ಹೊತ್ತಿಗೆ ಗುಣವಾಗಿ ಓಡಾಡುತ್ತಿದ್ದ ಕಂಡಕ್ಟರು ಯಾವುದೋ ಎಲೆಯ ರಸ ಹಿಂಡಿ ಬಾಟಲಿಯಲ್ಲಿ ತುಂಬಿಕೊಂಡು ಬಂದು, ಡಾಕ್ಟರು ಬೇಡವೆಂದ ಮೇಲೆ ಅದನ್ನು ತಾನೇ ಕುಡಿದು, ನನ್ನ ಭುಜ ತಟ್ಟಿ, "ಸೊಳ್ಳೆ ವಿಷಯ ನಿಮಗಿಂತ ಯಾರಿಗೆ ಗೊತ್ತು? ನೀವಿದ್ದೀರಿ ಅಂತಾನೇ ನಮಗೆಲ್ಲ ಧೈರ್ಯ" ಎಂದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೂರನೆಯ ಬೆಳಗ್ಗೆ ಎಣಿಕೆ ಮೇಲಕ್ಕೆ ತಿರುಗಿತು, ಅವಳು ಹಸಿವು ಎಂದಳು. ನಾನು ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಅವಳನ್ನು ಮನೆಗೆ ಕರೆತರುವ ಮುನ್ನ, ಬೇರೆಯವರ ಮನೆಯೆಂದು ಭಾವಿಸಿ ನಮ್ಮ ಮನೆಯ ತಪಾಸಣೆಯನ್ನು ಮೊದಲ ಬಾರಿಗೆ ಮಾಡಿದೆ. ನಿಂತ ನೀರಿಗೆ ಇಳಿಯಲೆಂದು ಇಲಾಖೆ ಕೊಟ್ಟ ನನ್ನ ಗಮ್‌ಬೂಟುಗಳಲ್ಲಿ, ಹಿಂಬದಿಯ ಜಗಲಿಯ ಮೂಲೆಯಲ್ಲಿ, ಮಳೆನೀರು ಬೊಗಸೆಯಷ್ಟು ನಿಂತಿತ್ತು. ಎಡಗಾಲಿನದರಲ್ಲಿ ತಮ್ಮ ಮಕ್ಕಳು ಸುಖವಾಗಿ ತಲೆಕೆಳಗಾಗಿ ತೂಗಾಡುತ್ತಿದ್ದರು. ಲೆಕ್ಕಕ್ಕೆ ನನಗೆ ಮೊಮ್ಮಕ್ಕಳೇ. ಒಬ್ಬರನ್ನೂ ಮಾದರಿಗೆಂದು ಉಳಿಸಿಕೊಳ್ಳದೆ ಬಿಸಿಲಿದ್ದ ಕಟ್ಟೆಯ ಮೇಲೆ ಚೆಲ್ಲಿದೆ. ಬೂಟಿನ ಒಳಗೋಡೆಯನ್ನೂ ತಿಕ್ಕಿದೆ, ಏಕೆಂದರೆ ತಮ್ಮ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಅಂಟಿಕೊಂಡು ಕಾಯುವ ಸಹನಾಶೀಲರು.

ಇಷ್ಟಾದ ಮೇಲೂ ತಮ್ಮ ಮೇಲೆ ನನಗೆ ದ್ವೇಷವಿಲ್ಲ. ಕೆಲವು ವಿನಂತಿಗಳಿವೆ, ಅಷ್ಟೇ. ದಯವಿಟ್ಟು ತಮ್ಮ ಆರು ಕಾಲುಗಳಲ್ಲಿ ಒಂದಕ್ಕಾದರೂ ಗೆಜ್ಜೆ ಕಟ್ಟಿಕೊಳ್ಳಿ. ನಾನು ಪ್ರತಿ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ತಾರೀಕು ಬರೆದು ಬರುವಂತೆ ತಾವೂ ಕಚ್ಚಿದ ಕಡೆ ತಾರೀಕು ಮತ್ತು ಸಹಿ ಹಾಕುವ ರೂಢಿ ಇಟ್ಟುಕೊಂಡರೆ ಡಾಕ್ಟರರಿಗೆ ದಿನ ಎಣಿಸಲು ಅನುಕೂಲವಾಗುತ್ತದೆ. ಹೊಗೆ ಯಂತ್ರದವರು ಬೀದಿಯಲ್ಲಿ ಗುಡುಗುತ್ತ ಬಂದಾಗ ತಾವು ಮನೆಯೊಳಗೆ ಮಂಚದ ಕೆಳಗೆ ಕುಳಿತು ನಗುವುದನ್ನು ಬಿಟ್ಟು, ಅವರ ಮಾನ ಉಳಿಸಲಾದರೂ ಒಂದು ಸಲ ಹೊರಗೆ ಬಂದು ಕೆಮ್ಮಿ ಹೋಗಬೇಕು. ಮತ್ತು ಕಚ್ಚಲೇಬೇಕೆಂದಿದ್ದರೆ ಅದೇ ಮನೆಯಲ್ಲಿ ನಾನೂ ಇದ್ದೆನಲ್ಲ? ಅವಳು ಆಸ್ಪತ್ರೆಯಲ್ಲಿದ್ದ ಆ ಎರಡು ದಿನ, ಬಟ್ಟೆ ತರಲು ಬೆಳಗ್ಗೆ ಮನೆಗೆ ಬಂದಾಗಲೆಲ್ಲ, ಹೊಲಿಗೆ ಯಂತ್ರದ ಕೆಳಗೆ ನನ್ನ ಬರಿಗಾಲನ್ನು ಚಾಚಿ ಅರ್ಧ ಗಂಟೆ ಕುಳಿತೆ. ಪೆಡಲನ್ನೂ ತುಳಿದೆ. ತಾವು ತಿರುಗಿಯೂ ನೋಡಲಿಲ್ಲ.

ಕೊನೆಯ ವಿನಂತಿಯೇ ಮುಖ್ಯವಾದದ್ದು. ತಾವು ನನಗೊಂದು ಪ್ರಮಾಣಪತ್ರ ಬರೆದುಕೊಡಬೇಕು: 'ಸದರಿ ಮಹಿಳೆಯನ್ನು ಕಚ್ಚಿದ್ದು ನಾನಲ್ಲ, ಹೊರಗಿನಿಂದ ಬಂದ, ಸದರಿ ತಪಾಸಣೆಗಾರನ ಪರಿಚಯವೇ ಇಲ್ಲದ ಬೇರೊಂದು ಸೊಳ್ಳೆ' ಎಂದು. ಸುಳ್ಳಾದರೂ ಅಡ್ಡಿಯಿಲ್ಲ. ಏಕೆಂದರೆ ಅವಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ದಿನವೂ ಅವಳು ಕಾಜಾ ಹಾಕುತ್ತ, "ಅಲ್ಲ, ನಿಮ್ಮ ಮನೆಗೇ ಅದು ಹೇಗೆ ಬಂತು ನೋಡಿ" ಎಂದು ನಗುತ್ತಾಳೆ; ನಾನೂ ನಕ್ಕುಬಿಡುತ್ತೇನೆ. ಕಚೇರಿಯ ಫಲಕದಲ್ಲಿ ಊರೆಲ್ಲ ಓದುವುದನ್ನು ಅವಳು ನನ್ನ ಬಾಯಿಂದ ಕೇಳಬೇಕು, ಆದರೆ ಬಾಯಿ ಬರುತ್ತಿಲ್ಲ. ಅದಕ್ಕಾಗಿಯೇ ಮೊದಲು ತಮಗೆ ಬರೆದು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ತಮ್ಮ ಆಯುಷ್ಯ ಹೆಚ್ಚೆಂದರೆ ಒಂದು ತಿಂಗಳು. ಉತ್ತರ ಬೇಗ ಕಳಿಸುವಿರೆಂಬ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ತಮ್ಮನ್ನು ಸಾಕಿದ ತಪಾಸಣೆಗಾರ

ತಾ.ಕ.: ಫಲಕಕ್ಕೆ ಅಂಟಿಸುವ ಮೊದಲು ಈ ಪತ್ರವನ್ನು ಅವಳ ಯಂತ್ರದ ಮೇಲಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಯಂತ್ರದ ಸದ್ದು ನಿಂತಿತು. ಆಮೇಲೆ ಅವಳು ಬಾಗಿಲಿಗೆ ಬಂದು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: "ಬಟ್ಟೆ ಜಾರಿದ್ದನ್ನ ನೀವು ಶಿಬಿರಕ್ಕೆ ಹೋದ ದಿನಾನೇ ನಾನು ನೋಡಿದ್ದೆ. ಸರಿಯಾಗಿ ಕಟ್ಟೋಣ ಅಂತ ಕೈ ಚಾಚಿದ್ದೂ ಆಗಿತ್ತು. ಆ ಗೂಡಿನ ಸಾಮಾನು ಮುಟ್ಟಬೇಡ, ನಿನಗೆ ಗೊತ್ತಾಗಲ್ಲ ಅಂತ ನೀವೇ ಹೇಳಿದ್ರಲ್ಲ, ಕೈ ಹಿಂದೆ ತಗೊಂಡೆ. ನಾನೂರು ಮನೆ ಹೆಂಗಸರಿಗೆ ಮುಚ್ಚಳ ತೆಗೆದು ನೋಡಿ ಅಂತೀರಿ. ಮನೇಲಿರೋಳಿಗೆ ಒಂದು ಬಟ್ಟೆ ಸರಿ ಮಾಡೋಕೆ ಬಿಡಲಿಲ್ಲ." ಆದ್ದರಿಂದ, ಮಾನ್ಯರೇ, ಪ್ರಮಾಣಪತ್ರದ ವಿನಂತಿಯನ್ನು ಹಿಂತೆಗೆದುಕೊಂಡಿದ್ದೇನೆ, ತಾವು ಇನ್ನು ನಿಶ್ಚಿಂತೆಯಿಂದ ಸಾಯಬಹುದು. ಈಗ ಅವಳು ಒಳಗೆ ಈ ಪತ್ರ ಅಂಟಿಸಲು ಹಿಟ್ಟಿನ ಅಂಟು ಕಲಸುತ್ತಿದ್ದಾಳೆ. ನೀರು ಹೆಚ್ಚಾಯಿತು ಎನ್ನಲು ಬಾಯಿ ತೆರೆದೆ, ಅವಳು ತಲೆಯೆತ್ತಿ ನೋಡಿದಳು, ಮುಚ್ಚಿಕೊಂಡೆ.